ಜಯವ್ವ ಕಾರ್ಡಿಗೆ ಡ್ರೈವರ್ ಹುಡುಕಿದ್ದು

ಬೆಳಗಿನ ಆರೂವರೆ. ರಾಣೆಬೆನ್ನೂರಿನಿಂದ ಐರಣಿ ಕಡೆಗೆ ಹೋಗುವ ರಸ್ತೆ ಬಿಟ್ಟು ಎಡಕ್ಕೆ ಹೊರಳಿದರೆ ಸಿಗುವ ಊರು ನೀರಲಕೊಪ್ಪ. ಊರ ಹೊರಗಿನ ಅರ್ಧ ಎಕರೆ ಬೆಂಡೆ ಹೊಲದಲ್ಲಿ ಜಯವ್ವ ಸಾಲು ಹಿಡಿದು ನಡೆಯುತ್ತಿದ್ದಾರೆ. ಉಡಿಯಲ್ಲಿ ಆಗಷ್ಟೇ ಕಿತ್ತ ಗಂಡುಹೂಗಳು. ಹಿಂದಿನ ಸಂಜೆ ಕೇಸರ ತೆಗೆದು, ಕೆಂಪು ಕಾಗದದ ಕೊಳವೆ ತೊಡಿಸಿಟ್ಟಿದ್ದ ಮೊಗ್ಗು ಈಗ ಅರಳಿದೆ. ಕೊಳವೆ ತೆಗೆಯುತ್ತಾರೆ, ಗಂಡುಹೂವನ್ನು ಅದರ ನೆತ್ತಿಗೆ ಮೆಲ್ಲಗೆ ಸವರುತ್ತಾರೆ, ತೊಟ್ಟಿಗೆ ದಾರ ಕಟ್ಟಿ ಮುಂದಿನ ಗಿಡಕ್ಕೆ ಸರಿಯುತ್ತಾರೆ. ಬೀಜದ ಕಂಪನಿಗಳಿಗಾಗಿ ಮಾಡುವ ಈ ಕೆಲಸಕ್ಕೆ ಇಲ್ಲಿಯ ಜನ ಕ್ರಾಸಿಂಗ್ ಎನ್ನುತ್ತಾರೆ. ಪಕ್ಕದ ಸಾಲುಗಳಲ್ಲಿ ಇನ್ನೂ ಮೂವರು ಹೆಣ್ಣುಮಕ್ಕಳಿದ್ದಾರೆ. ಮಾತು ಕಡಿಮೆ, ಕೈ ಜಾಸ್ತಿ. ಒಬ್ಬೊಬ್ಬರದೂ ಬೆಳಗಿಗೆ ಆರುನೂರು ಹೂವಿನ ಲೆಕ್ಕ.

"ಹೂವಿಗಿ ಟೈಮ್ ಐತ್ರಿ," ಎನ್ನುತ್ತಾರೆ ಜಯವ್ವ, ತಲೆ ಎತ್ತದೆ. "ಒಂಬತ್ತೂವರಿ ದಾಟಿದ್ರ ಮುಚ್ಚಾಕ ಶುರು ಮಾಡತೈತಿ. ಆಮ್ಯಾಲ ನೀವ್ ಏನ್ ಮಾಡಿದ್ರೂ ಕಾಯಿ ಕಟ್ಟಂಗಿಲ್ಲ."

ಒಂಬತ್ತೂವರೆಗೆ ಅವರು ಹೊಲ ಬಿಡುತ್ತಾರೆ. ಮನೆಗೆ ಹೋಗಿ ಕೈಕಾಲು ತೊಳೆದು, ರೊಟ್ಟಿ ಮುಗಿಸಿ, ಇಸ್ತ್ರಿಯ ಸೀರೆ ಉಟ್ಟು, ಹತ್ತಕ್ಕೆ ಐದು ನಿಮಿಷ ಇರುವಾಗ ಗ್ರಾಮ ಪಂಚಾಯಿತಿಯ ಪಕ್ಕದ ಕೋಣೆಯ ಬೀಗ ತೆಗೆಯುತ್ತಾರೆ. ಅದು ಊರಿನ ಗ್ರಂಥಾಲಯ. ಜಯವ್ವ ಅದರ ಮೇಲ್ವಿಚಾರಕಿ. ಕಸ ಗುಡಿಸುವವರೂ ಅವರೇ, ದಿನಪತ್ರಿಕೆಗೆ ಕಡ್ಡಿ ಸಿಗಿಸುವವರೂ ಅವರೇ, ಪುಸ್ತಕದ ನೋಂದಣಿ ಬರೆಯುವವರೂ ಅವರೇ. ಕಿಟಕಿಯ ಪಕ್ಕದ ಉದ್ದ ಮೇಜಿನ ಮೇಲೆ ನಾಲ್ಕು ಹಳೆಯ ಲ್ಯಾಪ್‌ಟಾಪ್‌ಗಳಿವೆ. ಒಂದೊಂದಾಗಿ ಗುಂಡಿ ಒತ್ತುತ್ತಾರೆ. ಎರಡು ನಿಮಿಷದಲ್ಲಿ ನಾಲ್ಕೂ ಪರದೆಗಳ ಮೂಲೆಯಲ್ಲಿ ವೈಫೈ ಗುರುತು ಮೂಡುತ್ತದೆ. ನಾಲ್ಕನೆಯದರಲ್ಲೂ ಮೂಡಿದ ಮೇಲೆಯೇ ಅವರು ಕುರ್ಚಿಯಲ್ಲಿ ಕೂರುವುದು.

ಹಳ್ಳಿಯ ಗ್ರಂಥಾಲಯದಲ್ಲಿ ನಾಲ್ಕು ಕಂಪ್ಯೂಟರು ನಡೆಯುವುದು ಈಗ ದೊಡ್ಡ ಸುದ್ದಿಯಲ್ಲ. ಅವು ನಡೆಯುವಂತಾದದ್ದು ಹೇಗೆ ಎಂಬುದು ಮಾತ್ರ ಈ ಊರಿನ ಹೊರಗೆ ಬಹಳ ಜನಕ್ಕೆ ಗೊತ್ತಿಲ್ಲ. ಕಂಪ್ಯೂಟರ್ ಕಲಿಸಿದ ಮೇಷ್ಟರು ಯಾರೂ ಇರಲಿಲ್ಲ, ರಿಪೇರಿಗೆ ಬಂದವರೂ ಯಾರೂ ಇರಲಿಲ್ಲ. ಅವು ಊರಿಗೆ ಬರುವ ಮೊದಲು ಜಯವ್ವ ಲ್ಯಾಪ್‌ಟಾಪ್ ಮುಟ್ಟಿರಲೂ ಇಲ್ಲ.

ಜಯವ್ವನಿಗೆ ಈಗ ನಲವತ್ತನಾಲ್ಕು. ತವರು ಬ್ಯಾಡಗಿ ತಾಲ್ಲೂಕು, ಕದರಮಂಡಲಗಿಯ ಹತ್ತಿರ. ತಂದೆ ಗಿರಿಯಪ್ಪ ಕುರಿ ಕಾಯುತ್ತಿದ್ದರು. ಅಕ್ಷರ ಬರುತ್ತಿರಲಿಲ್ಲ, ಆದರೆ ಮಗಳ ಪಾಟಿಯನ್ನು ದಿನವೂ ಕೈಯಲ್ಲಿ ಹಿಡಿದು ತಿರುವಿ ನೋಡುತ್ತಿದ್ದರು. ಮಗಳು ಹತ್ತನೆಯ ತರಗತಿ ಪಾಸಾದಳು, ಇಂಗ್ಲಿಷಿನಲ್ಲಿ ನಲವತ್ತೊಂದು ಅಂಕ. ಪಿಯುಸಿಗೆಂದು ಬ್ಯಾಡಗಿಗೆ ನಾಲ್ಕು ತಿಂಗಳು ಹೋಗಿಬಂದಳು. ಅಷ್ಟರಲ್ಲಿ ನೀರಲಕೊಪ್ಪದ ಬೀರಲಿಂಗಪ್ಪನ ಜೊತೆ ಮದುವೆಯಾಯಿತು. ಬೀರಲಿಂಗಪ್ಪ ಆಗ ಬೇರೆಯವರ ಟ್ರ್ಯಾಕ್ಟರ್ ಹೊಡೆಯುತ್ತಿದ್ದರು, ಈಗ ಸ್ವಂತ ಹೊಲ ಮಾಡುತ್ತಾರೆ. ಗ್ರಂಥಾಲಯದ ಕೆಲಸಕ್ಕೆ ಊರಿನಲ್ಲೇ ಇರುವ, ಎಸ್ಸೆಸ್ಸೆಲ್ಸಿ ಪಾಸಾದವರು ಬೇಕೆಂದಾಗ ಅರ್ಜಿ ಹಾಕಿದವರು ಇಬ್ಬರು. ಇನ್ನೊಬ್ಬರು ಬೇರೆ ನೌಕರಿ ಸಿಕ್ಕು ಹೋದರು. ಹಾಗೆ ಹದಿನಾರು ವರ್ಷದ ಹಿಂದೆ ಬೀಗದಕೈ ಜಯವ್ವನ ಕೈಗೆ ಬಂತು.

ಮೊದಲ ಹದಿನಾಲ್ಕು ವರ್ಷ ಆ ಕೋಣೆಗೆ ದಿನಕ್ಕೆ ಐದಾರು ಜನ ಬಂದರೆ ಹೆಚ್ಚು. ಪತ್ರಿಕೆ ಓದಲು ಬರುವ ಹಿರಿಯರು, ಪರೀಕ್ಷೆಯ ದಿನಗಳಲ್ಲಿ ಒಂದಿಷ್ಟು ವಿದ್ಯಾರ್ಥಿಗಳು. ಹೆಣ್ಣುಮಕ್ಕಳು ಹೊಸ್ತಿಲ ತನಕ ಬಂದು ಮಾತಾಡಿಸಿ ಹೋಗುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಕಪಾಟಿನಲ್ಲಿ ಸಾವಿರದ ಎಂಟುನೂರು ಪುಸ್ತಕ. ಅದರಲ್ಲಿ ಮುನ್ನೂರಕ್ಕೂ ಹೆಚ್ಚನ್ನು ತಾವೇ ಓದಿ ಮುಗಿಸಿದ್ದಾಗಿ ಜಯವ್ವ ಹೇಳುತ್ತಾರೆ. ಓದಲು ಯಾರೂ ಬರದಿದ್ದರೆ ಪುಸ್ತಕಗಳಿಗೆ ಬೇಸರವಾಗುತ್ತದೆ ಎಂದು ಸುಮ್ಮನೆ ಓದುತ್ತಿದ್ದರಂತೆ.

ಎರಡು ವರ್ಷದ ಹಿಂದೆ, ಸೆಪ್ಟೆಂಬರಿನಲ್ಲಿ, ಹಾವೇರಿಯ ಒಂದು ಸೇವಾ ಸಂಸ್ಥೆಯವರು ಜೀಪಿನಲ್ಲಿ ನಾಲ್ಕು ಪೆಟ್ಟಿಗೆ ಇಳಿಸಿ ಹೋದರು. ಯಾವುದೋ ಕಚೇರಿ ಬಿಟ್ಟುಕೊಟ್ಟ ಲ್ಯಾಪ್‌ಟಾಪ್‌ಗಳು. ಬಹಳ ಹಳೆಯವು, ಎಲ್ಲರೂ ಬಳಸುವ ವಿಂಡೋಸ್ ಅವುಗಳ ಮೇಲೆ ತೆವಳುತ್ತದೆ ಎಂದು ಅದರ ಬದಲು ಹಗುರವಾಗಿ ಓಡುವ, ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಸಿ ತಂದಿದ್ದರು. ಹೊತ್ತಿಸುವುದು ಹೇಗೆ, ಆರಿಸುವುದು ಹೇಗೆ ಎಂದು ತೋರಿಸಿದರು, ಸಹಿ ಮಾಡಿಸಿಕೊಂಡರು. ಇಪ್ಪತ್ತು ನಿಮಿಷದ ಕೆಲಸ. ಪಂಚಾಯಿತಿಯಲ್ಲಿ ವೈಫೈ ಇತ್ತು, ನಡುವೆ ಇದ್ದದ್ದು ಒಂದೇ ಗೋಡೆ. ಪಾಸ್‌ವರ್ಡನ್ನು ಜಯವ್ವ ಚೀಟಿಯಲ್ಲಿ ಬರೆಸಿಕೊಂಡು ಬಂದರು. ಆದರೆ ಅದನ್ನು ಹಾಕಲು ಜಾಗವೇ ಸಿಗಲಿಲ್ಲ. ಯಾವ ಲ್ಯಾಪ್‌ಟಾಪಿನಲ್ಲೂ ವೈಫೈ ಗುರುತು ಇರಲಿಲ್ಲ. ವೈಫೈ ಯಂತ್ರ ಕಾಣುತ್ತಿಲ್ಲ ಎಂಬ ಒಂದು ಸಾಲು ಇಂಗ್ಲಿಷಿನಲ್ಲಿ ಬರುತ್ತಿತ್ತು, ಅಷ್ಟೆ.

ಕೊಟ್ಟುಹೋದವರಿಗೆ ಫೋನ್ ಮಾಡಿದರು. ಬರುತ್ತೇವೆ ಎಂದರು. ಎರಡು ವಾರದ ನಂತರ ಮತ್ತೆ ಮಾಡಿದಾಗ, ಆ ಕೆಲಸ ನೋಡುತ್ತಿದ್ದವರು ಬಿಟ್ಟು ಹೋಗಿದ್ದಾರೆ ಎಂದರು. ಅಕ್ಟೋಬರಿನ ಪಂಚಾಯಿತಿ ಸಭೆಯಲ್ಲಿ ವಿಷಯ ಬಂತು. ಅಧ್ಯಕ್ಷರಾಗಿದ್ದ ಸಿದ್ದಲಿಂಗಪ್ಪನವರು ಕಡ್ಡಿ ಮುರಿದಂತೆ ಹೇಳಿದರು: ನಡೆಯದ ಯಂತ್ರ ಇಟ್ಟುಕೊಂಡು ಧೂಳು ಒರೆಸುವುದಕ್ಕಿಂತ ವಾಪಸು ಕಳಿಸಿದರೆ ಬೇರೆ ಊರಿಗಾದರೂ ಆದೀತು, ನವೆಂಬರ್ ಕೊನೆಯ ತನಕ ನೋಡೋಣ. ಅವರ ಮಾತಿನಲ್ಲಿ ತಪ್ಪಿರಲಿಲ್ಲ ಎಂದು ಜಯವ್ವ ಇವತ್ತಿಗೂ ಹೇಳುತ್ತಾರೆ.

ವಾಪಸು ಹೋಗಲಿ ಎಂದು ಅವರೂ ಬಿಟ್ಟುಬಿಡುತ್ತಿದ್ದರೇನೋ. ಬಿಡದಂತೆ ಮಾಡಿದ್ದು ಬೆಂಡೆ ಹೊಲದ ಮಾತು.

ಅವರ ಜೊತೆ ಕ್ರಾಸಿಂಗ್ ಮಾಡುವ ಮುಮ್ತಾಜಬಿ ಎಂಟನೆಯ ತರಗತಿಗೆ ಶಾಲೆ ಬಿಟ್ಟವರು. ಆಗ ಅವರಿಗೆ ಮೂವತ್ಮೂರು. ಅವರ ಓಣಿಯ ಅಂಗನವಾಡಿ ಸಹಾಯಕಿ ಇನ್ನೆರಡು ವರ್ಷದಲ್ಲಿ ನಿವೃತ್ತರಾಗುವವರಿದ್ದರು. ಆ ಜಾಗಕ್ಕೆ ಎಸ್ಸೆಸ್ಸೆಲ್ಸಿ ಬೇಕು. ಖಾಸಗಿಯಾಗಿ ಪರೀಕ್ಷೆ ಕಟ್ಟಬಹುದು ಎಂದು ಜಯವ್ವನೇ ಪತ್ರಿಕೆಯಲ್ಲಿ ಓದಿ ಹೇಳಿದ್ದರು. ಪಕ್ಕದ ಸಾಲಿನಲ್ಲಿ ಕ್ರಾಸಿಂಗ್ ಮಾಡುತ್ತ ಕೇಳಿಸಿಕೊಂಡ ಪ್ರೇಮವ್ವ ಮತ್ತು ಗಂಗಾ ತಾವೂ ಕಟ್ಟುತ್ತೇವೆ ಎಂದರು. ಆದರೆ ಹೆಸರು ನೋಂದಾಯಿಸುವುದು ಇಂಟರ್ನೆಟ್ಟಿನಲ್ಲಿ, ಗಣಿತ ವಿಜ್ಞಾನದ ಪಾಠ ಸಿಗುವುದೂ ಅಲ್ಲೇ. ಮೂವರ ಮನೆಯಲ್ಲೂ ದೊಡ್ಡ ಫೋನು ಇದ್ದದ್ದು ಗಂಡಸರ ಬಳಿ, ಜಯವ್ವನದು ಗಾಜು ಬಿರುಕು ಬಿಟ್ಟ ಪುಟ್ಟ ಫೋನು.

"ಫೋನು ಅವರ ಕಿಸೇದಾಗ ಇರತೈತಿ," ಎನ್ನುತ್ತಾರೆ ಮುಮ್ತಾಜಬಿ. "ಕೇಳಿದ್ರ ಕೊಡ್ತಾರ್ರಿ, ಕೊಡಂಗಿಲ್ಲ ಅಂತಲ್ಲ. ಆದ್ರ ದಿನಾ ಎರಡು ತಾಸು ಕೇಳಾಕ ಆಗತೈತೇನು? ಕೇಳಲಾರ್ದ ಕುಂದ್ರಾಕ ಒಂದು ಜಾಗ ಬೇಕಾಗಿತ್ತು."

ಆ ಭಾನುವಾರ ಜಯವ್ವ ಒಂದು ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿ ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಹೋದರು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಯಾಜ ಎಂಬವರು ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಅವರು ತಳದ ಮುಚ್ಚಳ ಬಿಚ್ಚಿ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಹಸಿರು ಬಿಲ್ಲೆಯನ್ನು ತೋರಿಸಿದರು. ಅದೇ ನೆಟ್‌ವರ್ಕ್ ಕಾರ್ಡು. ಗಾಳಿಯಲ್ಲಿರುವ ವೈಫೈಯನ್ನು ಹಿಡಿದು ಒಳಗೆ ಕೊಡುವುದು ಅದರ ಕೆಲಸ.

"ಕಾರ್ಡು ಜೀವಂತ ಐತ್ರಿ ಅಕ್ಕಾರ," ಎಂದರು ನಯಾಜ. "ಇದಕ್ಕ ಡ್ರೈವರ್ ಇಲ್ಲ, ಅದಕ್ಕ ಸುಮ್ನ ಕುಂತೈತಿ. ವಿಂಡೋಸ್ ಇದ್ದಿದ್ರ ನಾನ ಹಾಕಿ ಕೊಡ್ತಿದ್ದೆ. ಲಿನಕ್ಸಿನ ದಾರಿ ನಂಗೂ ಗೊತ್ತಿಲ್ಲ."

ವಿಂಡೋಸ್ ಹಾಕಿಬಿಡಲೇ ಎಂದೂ ಕೇಳಿದರು. ಹಾಕಿದರೆ ಒಂದು ಪುಟ ತೆರೆಯಲು ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತದೆ ಎಂದೂ ಅವರೇ ಹೇಳಿದರು. ಬೇಡ ಎಂದು ಜಯವ್ವ ಟವೆಲ್ಲು ಸುತ್ತಿಕೊಂಡು ಎದ್ದರು.

ಅವತ್ತು ಸಂಜೆ ಗಂಡನಿಗೆ ಹೇಳಿದರು, ಕಾರ್ಡು ಚಲೋ ಇದೆ, ಅದಕ್ಕೆ ಡ್ರೈವರ್ ಇಲ್ಲವಂತೆ. ಹನ್ನೆರಡು ವರ್ಷ ಟ್ರ್ಯಾಕ್ಟರ್ ಹೊಡೆದ ಬೀರಲಿಂಗಪ್ಪ ಬೀಡಿ ಕೆಳಗಿಟ್ಟು, "ಡ್ರೈವರ್ ಬೇಕಂದ್ರ ನಾ ಬರ್ಲೇನು?" ಎಂದರು. ಆ ಮಾತು ಊರಿಡೀ ಹಬ್ಬಿತು. ಈಗಲೂ ಪಂಚಾಯಿತಿಯಲ್ಲಿ ಅವರನ್ನು ಕಂಡರೆ ಕಾರ್ಡಿನ ಡ್ರೈವರ್ ಬಂದರು ಎನ್ನುತ್ತಾರೆ. ಅವತ್ತು ಮಾತ್ರ ತಮಗೆ ನಗು ಬರಲಿಲ್ಲ ಎನ್ನುತ್ತಾರೆ ಜಯವ್ವ. ಹತ್ತನೆಯ ತರಗತಿಯ ತನಕ ಓದಿದ ತನಗೆ ಒಂದು ಮಾತಿನ ಅರ್ಥ ಗೊತ್ತಿಲ್ಲವಲ್ಲ ಎಂಬುದೇ ಚುಚ್ಚುತ್ತಿತ್ತು.

ಮಾರನೆಯ ದಿನ ಕೋಣೆಯ ಕಪಾಟಿನಿಂದ ಇಂಗ್ಲಿಷ್–ಕನ್ನಡ ನಿಘಂಟು ಇಳಿಸಿದರು. ಡ್ರೈವರ್ ಎಂದರೆ ಚಾಲಕ, ಸಾರಥಿ, ದನ ಅಟ್ಟುವವನು ಎಂದು ಇತ್ತು. ಮೂರನ್ನೂ ಬರೆದುಕೊಂಡರು. ತಮ್ಮ ಪುಟ್ಟ ಫೋನಿನಲ್ಲಿ, ಗಾಜಿನ ಬಿರುಕಿನ ನಡುವೆ ಅಕ್ಷರ ಹುಡುಕಿ ಹುಡುಕಿ ಒತ್ತಿದಾಗ, ಲಿನಕ್ಸ್ ಬಳಸುವವರು ಒಬ್ಬರನ್ನೊಬ್ಬರು ಪ್ರಶ್ನೆ ಕೇಳುವ ಒಂದು ತಾಣ ಸಿಕ್ಕಿತು. ಎಲ್ಲವೂ ಇಂಗ್ಲಿಷು. ಎರಡು ದಿನ ಬರೀ ಓದಿದರು. ಮೂರನೆಯ ದಿನ ಧೈರ್ಯ ಮಾಡಿ ಆರು ಸಾಲು ಬರೆದರು. ತಾನು ಹಳ್ಳಿಯ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ಕಂಪ್ಯೂಟರ್ ಗೊತ್ತಿಲ್ಲ, ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ, ಕಾರ್ಡು ನಡೆಯುತ್ತಿಲ್ಲ, ಏನು ಮಾಡಬೇಕು. ಆ ಆರು ಸಾಲಿಗೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು.

"ಸಾಲಿಯೊಳಗ ಗೊತ್ತಿಲ್ಲ ಅಂದ್ರ ಬೆಂಚಿನ ಮ್ಯಾಲ ನಿಂದರಸ್ತಿದ್ರು," ಎನ್ನುತ್ತಾರೆ. "ಗಂಡನ ಮನಿಯೊಳಗ ಗೊತ್ತಿಲ್ಲ ಅಂದ್ರ ತವರಿನ ಹೆಸರು ತಗೀತಿದ್ರು. ಅದಕ್ಕ ಗೊತ್ತಿಲ್ಲ ಅನ್ನೋದನ್ನ ನಾ ಯಾರ ಮುಂದೂ ಹೇಳಿದ್ದಿಲ್ಲ. ಅವತ್ತ ಬರದ್ನಿ. ಬರದು ಫೋನ್ ಮುಚ್ಚಿಟ್ನಿ, ರಾತ್ರಿ ತಗದು ನೋಡಲಿಲ್ರಿ."

ಬೆಳಿಗ್ಗೆ ಹೊಲದಲ್ಲಿ ಫೋನು ನೋಡಿದಾಗ ಉತ್ತರ ಬಂದಿತ್ತು. ಯಾವ ದೇಶದವರೋ, ಗಂಡೋ ಹೆಣ್ಣೋ ತಿಳಿಯದ ಹೆಸರು. ಕಪ್ಪು ಪರದೆ ತೆರೆದು ಎಲ್, ಎಸ್, ಪಿ, ಸಿ, ಐ ಎಂಬ ಐದು ಅಕ್ಷರ ಒತ್ತಿ, ಬಂದದ್ದನ್ನು ಪೋಸ್ಟ್ ಮಾಡಿ ಎಂದು ಬರೆದಿದ್ದರು. ನಿಘಂಟಿನಲ್ಲಿ ಪೋಸ್ಟ್ ಎಂದರೆ ಅಂಚೆ, ಕಂಬ, ಹುದ್ದೆ. ಪರದೇಶಕ್ಕೆ ಅಂಚೆಯಲ್ಲಿ ಕಳಿಸಬೇಕೇನೋ ಎಂದು ಜಯವ್ವ ಪರದೆಯ ಮೇಲೆ ಮೂಡಿದ ಇಪ್ಪತ್ತೆರಡು ಸಾಲನ್ನೂ ಬಿಳಿಹಾಳೆಯ ಮೇಲೆ ದುಂಡಗೆ ಬರೆದರು. ಬರೆದು ಮುಗಿಸಿದ ಮೇಲೆ, ವಿಳಾಸ ಕೊಟ್ಟಿಲ್ಲವಲ್ಲ ಎಂದು ಹೊಳೆಯಿತು. ಆ ಹಾಳೆಯನ್ನೇ ಫೋಟೊ ತೆಗೆದು ತಾಣದಲ್ಲಿ ಹಾಕಿದರು. ಅತ್ತ ಕಡೆಯವರು ನಗಲಿಲ್ಲ. ಅಕ್ಷರ ಬಹಳ ಚೆನ್ನಾಗಿದೆ ಎಂದು ಮೊದಲ ಸಾಲಿನಲ್ಲಿ ಬರೆದು, ಎರಡನೆಯ ಸಾಲಿನಲ್ಲಿ ಕಾರ್ಡಿನ ಹೆಸರು, ನಂಬರು ಇದು ಎಂದು ಗುರುತಿಸಿ ಕೊಟ್ಟರು.

ವಿಷಯ ಅಲ್ಲಿಗೆ ತಿಳಿಯಾಯಿತು. ಕಾರ್ಡು ಕೆಟ್ಟಿರಲಿಲ್ಲ, ಲಿನಕ್ಸೂ ಕೆಟ್ಟಿರಲಿಲ್ಲ. ಕಾರ್ಡಿನ ಮಾತು ಲಿನಕ್ಸಿಗೆ ತಿಳಿಯಬೇಕಾದರೆ ನಡುವೆ ಒಂದು ಸಣ್ಣ ಕಡತ ಬೇಕು, ಅದೇ ಡ್ರೈವರ್. ಕಾರ್ಡು ಮಾಡಿದವರು ಅದನ್ನು ಲಿನಕ್ಸಿನ ಜೊತೆಗೇ ಹಂಚಲು ಬಿಟ್ಟಿಲ್ಲ, ಹಾಗಾಗಿ ಬೇಕಾದವರು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಇಂಟರ್ನೆಟ್ ಬರಬೇಕಾದರೆ ಮೊದಲು ಆ ಕಡತ ಬೇಕು.

"ಬಾವ್ಯಾಗಿನ ನೀರು ಸೇದಾಕ ಹಗ್ಗ ಬೇಕು, ಹಗ್ಗ ಬಾವ್ಯಾಗ ಬಿದ್ದೈತಿ," ಎಂದು ಮುಮ್ತಾಜಬಿಗೆ ಅದನ್ನು ಜಯವ್ವ ತಿಳಿಸಿ ಹೇಳಿದ್ದರಂತೆ.

ದಾರಿಯನ್ನೂ ಅದೇ ಅಪರಿಚಿತರು ಹೇಳಿದರು. ಫೋನಿನ ಇಂಟರ್ನೆಟ್ಟನ್ನು ವಾಯರ್ ಮೂಲಕ ಲ್ಯಾಪ್‌ಟಾಪಿಗೆ ಕೊಡಬಹುದು; ಒಂದು ಸಲ ಅಷ್ಟು ಮಾಡಿ ಕಡತ ಇಳಿಸಿಕೊಂಡರೆ ಆಮೇಲೆ ಕಾರ್ಡು ತನ್ನ ಕಾಲ ಮೇಲೆ ನಿಲ್ಲುತ್ತದೆ. ಜಯವ್ವ ಫೋನಿನ ಚಾರ್ಜರ್ ವಾಯರ್ ಸಿಕ್ಕಿಸಿದರು. ಫೋನು ಚಾರ್ಜ್ ಆಯಿತು. ಇಂಟರ್ನೆಟ್ ಬರಲಿಲ್ಲ. ಹೇಳಿದ ಗುಂಡಿ ಒತ್ತಲು ಹೋದರೆ ಅದು ಮಸುಕಾಗಿಯೇ ಇರುತ್ತಿತ್ತು. ಫೋನು ಹಳೆಯದೆಂದು ಅಂದುಕೊಂಡರು, ಲ್ಯಾಪ್‌ಟಾಪಿನ ತೂತು ಸರಿಯಿಲ್ಲ ಎಂದುಕೊಂಡರು, ನಾಲ್ಕನ್ನೂ ಬದಲಿಸಿ ನೋಡಿದರು. ಹೀಗೆ ಹದಿಮೂರು ದಿನ ಹೋದವು.

ಅವಸರ ಅವರನ್ನು ದಾರಿ ತಪ್ಪಿಸಿದ್ದೂ ಆ ದಿನಗಳಲ್ಲೇ. ಬೇರೊಂದು ಪುಟದಲ್ಲಿ ಯಾರೋ ಬರೆದಿದ್ದ ಒಂದು ಉದ್ದನೆಯ ಸಾಲನ್ನು, ಅರ್ಥ ಪೂರ್ತಿ ತಿಳಿಯದೆ, ಒಂದು ಲ್ಯಾಪ್‌ಟಾಪಿನಲ್ಲಿ ಒತ್ತಿದರು. ಅದು ಏನೇನೋ ತೆಗೆದುಹಾಕಿತು. ಆರಿಸಿ ಹೊತ್ತಿಸಿದಾಗ ಪರದೆಯ ಮೇಲೆ ಒಂದು ಬಿಳಿ ಗೆರೆ ಬಿಟ್ಟರೆ ಏನೂ ಇರಲಿಲ್ಲ. ಅವರು ಬಾಗಿಲು ಹಾಕಿಕೊಂಡು ಅರ್ಧ ತಾಸು ಅತ್ತರು. ನಡೆಯದೆ ಇದ್ದದ್ದು ಬೇರೆ, ತಾನೇ ಕೈಯಾರೆ ಕೆಡಿಸಿದ್ದು ಬೇರೆ. ಯಾರಿಗೂ ಹೇಳದೆ ಪೆಟ್ಟಿಗೆಯಲ್ಲಿಟ್ಟಿದ್ದರೆ ತಿಳಿಯುತ್ತಿರಲಿಲ್ಲ. ಮರುದಿನ ಗ್ರಂಥಾಲಯ ತೆರೆಯುವ ಮೊದಲು ಸಿದ್ದಲಿಂಗಪ್ಪನವರ ಮನೆಗೇ ಹೋಗಿ ಒಂದನ್ನು ಕೆಡಿಸಿದ್ದೇನೆ ಎಂದು ಹೇಳಿದರು.

ಸಿದ್ದಲಿಂಗಪ್ಪನವರು, "ಮುಚ್ಚಿಡಲಾರ್ದ ಹೇಳೀದಿ. ಇನ್ನೂ ಮೂರು ಅದಾವಲ್ಲವಾ, ನೋಡು," ಎಂದರು. ವಾಪಸು ಕಳಿಸುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ವಾಯರಿನ ಗುಟ್ಟು ಬಿಡಿಸಿದವರು ನಯಾಜ. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, ಕೆಲವು ವಾಯರು ಬರೀ ಕರೆಂಟು ಒಯ್ಯುತ್ತವೆ, ಮಾಹಿತಿ ಒಯ್ಯುವ ತಂತಿ ಅವುಗಳಲ್ಲಿ ಇರುವುದೇ ಇಲ್ಲ ಎಂದರು. ಆ ಸಂಜೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬೇರೆ ವಾಯರ್ ಕಳಿಸಿಕೊಟ್ಟರು. ಲಿನಕ್ಸಿನ ದಾರಿ ಗೊತ್ತಿಲ್ಲ ಎಂದಿದ್ದವರು, ಕೆಲಸ ಮುಗಿಯುವ ತನಕ ದಿನಕ್ಕೊಂದು ಸಲ ಏನಾಯಿತು ಎಂದು ಕೇಳುತ್ತಿದ್ದರು.

ನವೆಂಬರ್ ಮೂರನೆಯ ವಾರದ ಒಂದು ಗುರುವಾರ. ಕ್ರಾಸಿಂಗ್ ಮುಗಿದು ಕಾಯಿ ಬಲಿಯುವ ಕಾಲವಾದ್ದರಿಂದ ಮುಮ್ತಾಜಬಿಯೂ ಬಂದಿದ್ದರು. ಪರೀಕ್ಷೆಗೆ ಹೆಸರು ನೋಂದಾಯಿಸಲು ಐದು ದಿನ ಉಳಿದಿತ್ತು. ಹೊಸ ವಾಯರ್ ಸಿಕ್ಕಿಸಿದಾಗ ಫೋನಿನ ಮಸುಕಾದ ಗುಂಡಿ ಬೆಳಗಿತು. ಜಯವ್ವ ನೋಟ್‌ಬುಕ್ ತೆರೆದಿಟ್ಟುಕೊಂಡು ಒಂದೊಂದೇ ಅಕ್ಷರ ಒತ್ತಿದರು. ಸಾಲಿನ ಮೊದಲ ಪದ ಸುಡೋ. ಯಂತ್ರದ ಯಜಮಾನಿಕೆ ನನಗೆ ಕೊಡು ಎಂದು ಕೇಳುವ ಪದ ಅದು. ಓದಿ ಹೇಳುವಾಗ ಮುಮ್ತಾಜಬಿಗೆ ಅದು ಸುಡು ಎಂದು ಕೇಳಿಸಿ, ಇದ್ದವನ್ನೂ ಸುಡುತ್ತೀರೇನು ಎಂದು ಕೈ ಹಿಡಿದರು. ಪಾಸ್‌ವರ್ಡ್ ಕೇಳಿತು. ಒತ್ತಿದರೆ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡಲಿಲ್ಲ. ಕೀಬೋರ್ಡೂ ಕೆಟ್ಟಿತು ಎಂದು ಜಯವ್ವ ಕೈ ಬಿಟ್ಟರು. ಮತ್ತೆ ನೋಟ್‌ಬುಕ್ ನೋಡಿದಾಗ ತಾವೇ ಬರೆದುಕೊಂಡಿದ್ದ ಸಾಲು ಕಂಡಿತು: ಪಾಸ್‌ವರ್ಡ್ ಕಾಣುವುದಿಲ್ಲ, ಅಂಜಬಾರದು, ಒತ್ತುತ್ತ ಹೋಗಬೇಕು. ಒತ್ತಿದರು. ಸಾಲುಗಳು ಸರಸರ ಓಡಿದವು. ನಿಂತವು. ಆರಿಸಿ ಹೊತ್ತಿಸಿದರು.

ಮೂಲೆಯಲ್ಲಿ ವೈಫೈ ಗುರುತು ಬಂದಿತ್ತು. ಒತ್ತಿದರೆ ಮೂರು ಹೆಸರು: ಪಂಚಾಯಿತಿಯದು, ಹಾಲಿನ ಡೇರಿಯದು, ಎದುರು ಮನೆಯದು. ಜಯವ್ವ ಚೀಟಿ ನೋಡಿ ಪಾಸ್‌ವರ್ಡ್ ಹಾಕಿ, ಫೋನಿನ ವಾಯರ್ ಎಳೆದು ತೆಗೆದರು. ಇಂಟರ್ನೆಟ್ ಹೋಗಲಿಲ್ಲ. ಮುಮ್ತಾಜಬಿ ಎದ್ದು ತಮ್ಮ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. ಮೂವರ ಹೆಸರೂ ಮರುದಿನ ಮಧ್ಯಾಹ್ನದೊಳಗೆ ನೋಂದಣಿಯಾಯಿತು.

ಎರಡನೆಯ ಲ್ಯಾಪ್‌ಟಾಪ್ ಅರ್ಧ ತಾಸಿನ ಕೆಲಸವಾಯಿತು. ಮೂರನೆಯದರಲ್ಲಿ ಎಲ್ಲ ಸರಿಯಾದರೂ ಸಂಪರ್ಕ ಬಂದು ಬಂದು ಹೋಗುತ್ತಿತ್ತು. ತಳದ ಮುಚ್ಚಳ ಬಿಚ್ಚಿ ನೋಡಿದರೆ ಕಾರ್ಡಿಗೆ ಬಂದು ಸೇರುವ ಎರಡು ಕೂದಲೆಳೆಯಂಥ ತಂತಿಗಳಲ್ಲಿ ಒಂದು ಕಳಚಿತ್ತು. ಅದರ ತುದಿ ಸಾಸಿವೆ ಕಾಳಿನಷ್ಟು. ಕೇಸರ ಕೀಳುವ ಚಿಮಟದಿಂದ ಹಿಡಿದು, ಉಗುರಿನಿಂದ ಮೆಲ್ಲಗೆ ಅದುಮಿ ಕೂಡಿಸಿದರು. ನಯಾಜ ಮುಂದೊಂದು ಸಲ ಅದನ್ನು ನೋಡಿ, ಈ ಕೆಲಸಕ್ಕೆ ತಮ್ಮ ಕೈ ಮೂರು ಸಲವಾದರೂ ಜಾರುತ್ತದೆ ಎಂದರಂತೆ. ಕೆಡಿಸಿದ ನಾಲ್ಕನೆಯದನ್ನು ಎಬ್ಬಿಸಲು ಐದು ತಿಂಗಳು ಬೇಕಾಯಿತು. ಹೊಸದಾಗಿ ಲಿನಕ್ಸ್ ಹಾಕುವುದನ್ನು ಅವರು ಕಲಿತದ್ದು ಅದರ ಮೇಲೆಯೇ.

ಮುಮ್ತಾಜಬಿ ಮಾರ್ಚಿನಲ್ಲಿ ಪರೀಕ್ಷೆ ಬರೆದು ಪಾಸಾದರು. ಗಣಿತದಲ್ಲಿ ಮೂವತ್ತೊಂಬತ್ತು. ಅಂಗನವಾಡಿಯ ಅರ್ಜಿ ಹಾಕಿದ್ದಾರೆ, ಇನ್ನೂ ಆದೇಶ ಬಂದಿಲ್ಲ, ಅಲ್ಲಿಯ ತನಕ ಬೆಳಿಗ್ಗೆ ಬೆಂಡೆ ಹೊಲ ತಪ್ಪಿಲ್ಲ. ಪ್ರೇಮವ್ವ ಮೊದಲ ಸಲ ಎರಡು ವಿಷಯ ಬಿಟ್ಟು, ಎರಡನೆಯ ಸಲಕ್ಕೆ ಮುಗಿಸಿದರು. ಗಂಗಾ ಪರೀಕ್ಷೆಗೆ ಹೋಗಲೇ ಇಲ್ಲ. ಯಾಕೆ ಎಂದು ಕೇಳಿದರೆ ಜಯವ್ವ ಪುಸ್ತಕ ಜೋಡಿಸುತ್ತ, "ಅದು ಆಕಿ ಮನೀ ಮಾತ್ರಿ," ಎಂದಷ್ಟೇ ಹೇಳುತ್ತಾರೆ. ಗಂಗಾ ಈಗಲೂ ವಾರಕ್ಕೊಮ್ಮೆ ಬಂದು ಕೂರುತ್ತಾರೆ. ಅವರ ಹೆಸರಿನ ಗಣಿತದ ನೋಟ್‌ಬುಕ್ ಕಪಾಟಿನಲ್ಲಿ ಹಾಗೇ ಇದೆ.

ಸುದ್ದಿ ಹೊರಗೆ ಹೋದದ್ದು ಬ್ಯಾಡಗಿ ತಾಲ್ಲೂಕಿನ ಗ್ರಂಥಾಲಯವೊಂದರ ಶೈಲಾ ಅವರಿಂದ. ಅವರ ಊರಿಗೂ ಅದೇ ಸಂಸ್ಥೆಯ ಪೆಟ್ಟಿಗೆಗಳು ಬಂದಿದ್ದವು, ಬಿಚ್ಚದೆ ಇದ್ದವು. ಒಂದು ತರಬೇತಿಯ ಊಟದ ಹೊತ್ತಿನಲ್ಲಿ ಮಾತಿಗೆ ಮಾತು ಬಂದು, ಮುಂದಿನ ಭಾನುವಾರ ಜಯವ್ವ ಬಸ್ಸು ಹತ್ತಿದರು. ಆಮೇಲೆ ಹೊಸರಿತ್ತಿಯ ಕಡೆಯಿಂದ ಒಂದು ಕರೆ, ಹಾವೇರಿಯ ಹತ್ತಿರದಿಂದ ಎರಡು. ಈಗ ಮೂರು ತಾಲ್ಲೂಕಿನ ಹನ್ನೊಂದು ಗ್ರಂಥಾಲಯಗಳಲ್ಲಿ ಮೂವತ್ತೆಂಟು ಲ್ಯಾಪ್‌ಟಾಪ್‌ಗಳನ್ನು ಅವರು ನೋಡಿದ್ದಾರೆ. ಮೂವತ್ತೈದು ನಡೆಯುತ್ತಿವೆ. ಉಳಿದ ಮೂರರ ಕಾರ್ಡು ನಿಜವಾಗಿಯೂ ಸತ್ತಿತ್ತು. ತಿಂಗಳಿಗೆ ಎರಡು ಭಾನುವಾರ ಇದಕ್ಕೇ ಹೋಗುತ್ತದೆ, ದಿನಕ್ಕೆ ನಾಲ್ಕೈದು ಫೋನು ಬರುತ್ತವೆ. ಇದನ್ನು ಮಾಡೆಂದು ಅವರಿಗೆ ಯಾರೂ ಹೇಳಿಲ್ಲ, ಮಾಡಿದ್ದೀರೆಂದು ಯಾರೂ ಬರೆದುಕೊಟ್ಟಿಲ್ಲ. ಇಲಾಖೆಯ ಯಾವ ಕಾಗದದಲ್ಲೂ ಇದು ಇಲ್ಲ.

ಹೋದಲ್ಲೆಲ್ಲ ಅವರದು ಒಂದೇ ಹಟ. ಕೀಬೋರ್ಡಿಗೆ ತಾವು ಕೈ ಹಾಕುವುದಿಲ್ಲ. ಆ ಊರಿನ ಮೇಲ್ವಿಚಾರಕಿಯೇ ಒತ್ತಬೇಕು, ತಪ್ಪಿದರೆ ತಾನೇ ಅಳಿಸಿ ಮತ್ತೆ ಒತ್ತಬೇಕು. ಶೈಲಾ ಮೊದಲ ಸಲ ಹತ್ತು ಸಲ ತಪ್ಪಿದರಂತೆ. ಹೊಸ ಲಿನಕ್ಸ್ ಬಂದಾಗಲೊಮ್ಮೆ ಕಾರ್ಡು ಮತ್ತೆ ಮುನಿಸಿಕೊಳ್ಳುವುದೂ ಉಂಟು, ನೀರಲಕೊಪ್ಪದಲ್ಲೇ ಎರಡು ಸಲ ಹಾಗಾಗಿದೆ. ತಾವೇ ಮಾಡಿಕೊಟ್ಟು ಬಂದರೆ ಆಗ ಅವರು ಮತ್ತೆ ಯಾರದೋ ದಾರಿ ಕಾಯಬೇಕಾಗುತ್ತದೆ ಎನ್ನುವುದು ಜಯವ್ವನ ವಾದ.

ಕಲಿತದ್ದನ್ನೆಲ್ಲ ಕನ್ನಡದಲ್ಲಿ ಮೂರು ಪುಟ ಬರೆದಿಟ್ಟಿದ್ದಾರೆ. ದುಂಡಗಿನ ಅಕ್ಷರ, ಕೆಂಪು ಮಸಿಯಲ್ಲಿ ಎಚ್ಚರಿಕೆಯ ಮಾತು. ಆ ಪುಟಗಳ ಫೋಟೊ ಗ್ರಂಥಾಲಯದವರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತದೆ, ಬರೆದವರ ಹೆಸರು ಇಲ್ಲದೆ. ಹೆಸರು ಯಾಕೆ ಹಾಕಿಲ್ಲ ಎಂದರೆ, ತಮಗೆ ಉತ್ತರ ಬರೆದವರೂ ಖರೇ ಹೆಸರು ಹಾಕಿರಲಿಲ್ಲ ಎನ್ನುತ್ತಾರೆ. ಆ ಅಪರಿಚಿತರಿಗೆ ಕಾರ್ಡು ನಡೆದ ದಿನವೇ ಧನ್ಯವಾದ ಬರೆದಿದ್ದರು. ಬಂದ ಉತ್ತರ ಎರಡೇ ಪದದ್ದು: ವೆಲ್ ಡನ್. ನಿಘಂಟು ನೋಡುವ ಅಗತ್ಯವಿರದ ಇಂಗ್ಲಿಷಂತೆ ಅದು.

ಈಗ ಈ ಕೋಣೆಗೆ ದಿನಕ್ಕೆ ಮೂವತ್ತರಿಂದ ನಲವತ್ತು ಜನ ಬರುತ್ತಾರೆ, ಅರ್ಧಕ್ಕೂ ಹೆಚ್ಚು ಹೆಣ್ಣುಮಕ್ಕಳು. ಹೊಸ್ತಿಲಲ್ಲಿ ನಿಲ್ಲುವವರು ಯಾರೂ ಇಲ್ಲ. ಮಧ್ಯಾಹ್ನ ಎರಡರ ಬಿಸಿಲಿನಲ್ಲಿ ಮೇಜಿನ ಮುಂದೆ ಆರು ಜನ ಹೆಂಗಸರಿದ್ದಾರೆ. ಒಬ್ಬರು ಹೊಲಿಗೆಯ ಕತ್ತರಿ ಹಾಕುವುದನ್ನು ನೋಡುತ್ತಿದ್ದಾರೆ, ಮೂವರು ಪಿಯುಸಿ ಪಾಠ ಕೇಳುತ್ತಿದ್ದಾರೆ, ಉಳಿದವರು ತಮ್ಮ ಸರದಿಗೆ ಕಾದು ಕುಳಿತು ಪುಸ್ತಕ ತಿರುವುತ್ತಿದ್ದಾರೆ. ಮೂರರ ಹೊತ್ತಿಗೆ ಒಬ್ಬೊಬ್ಬರೇ ಎದ್ದು ಹೊರಡುತ್ತಾರೆ. ಪಾಠ ಅರ್ಧಕ್ಕೇ ನಿಂತಿದೆ.

ನಿಮಗೆ ಇನ್ನೇನು ಬೇಕು ಎಂದು ಕೇಳಿದರೆ ಜಯವ್ವ ಹೊಸ ಲ್ಯಾಪ್‌ಟಾಪ್ ಎನ್ನುವುದಿಲ್ಲ, ಸನ್ಮಾನದ ಮಾತಂತೂ ಇಲ್ಲ. ಹೊರಟವರ ಬೆನ್ನನ್ನು ಕಿಟಕಿಯಿಂದ ನೋಡುತ್ತ, ಪಂಚಾಯಿತಿಗೆ ಮೂರು ಸಲ ಅರ್ಜಿ ಬರೆದಿದ್ದೇನೆ, ಈ ಸಲ ಮಾಡಿಸಿಕೊಡುತ್ತೇವೆ ಎಂದಿದ್ದಾರೆ ಎನ್ನುತ್ತಾರೆ.

"ಒಂದು ಕಕ್ಕಸ ಆಗಬೇಕ್ರಿ ಇಲ್ಲಿ. ಹೆಣ್ಮಕ್ಕಳು ನೀರು ಕುಡೀಲಾರ್ದ ಬಂದು ಕುಂದರ್ತಾರ, ಆದ್ರೂ ಎಷ್ಟೊತ್ತು ಅಂತ ಕುಂದ್ರಾಕ ಆಗತೈತಿ. ಅದೊಂದು ಆದ್ರ ಇನ್ನ ಎರಡು ತಾಸು ಯಾರೂ ಎದ್ದು ಹೋಗಂಗಿಲ್ಲ."